ಸಂಧಿವಾತದ ಗುಳಿಗೆ ತಗೊಳ್ತೀರಾ? ಫ್ಲೂ ಬರುವ ಮುಂಚೆಯೇ ಇಷ್ಟು ಮಾಡಿ

ಕೊಪ್ಪಳದ ಗವಿಮಠದ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ನಮ್ಮ ದೇಶದಲ್ಲಿ ಫ್ಲೂ ಜೋರಾಗುವುದೂ ಜನವರಿಯಿಂದ ಮಾರ್ಚ್‌ವರೆಗೆ, ಆಮೇಲೆ ಮತ್ತೊಮ್ಮೆ ಮಳೆಗಾಲ ಮುಗಿಯುವ ಹೊತ್ತಿಗೆ. ಉಳಿದವರು ನಾಲ್ಕೈದು ದಿನ ಮಲಗಿ ಎದ್ದುಬಿಡುತ್ತಾರೆ. ಆದರೆ ರುಮಟಾಯ್ಡ್ ಸಂಧಿವಾತ, ಲೂಪಸ್ ಇರುವವರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಜಾಸ್ತಿ. ಇವರಲ್ಲಿ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಸ್ವಂತ ದೇಹದ ಮೇಲೆ ಬಿದ್ದಿರುತ್ತದೆ, ಅದನ್ನು ಅಡಗಿಸಲು ಕೊಡುವ ಗುಳಿಗೆ ವೈರಸ್ ಎದುರಿಸುವ ಬಲವನ್ನೂ ತಗ್ಗಿಸುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬೇಡಿ. ಕಾಯಿಲೆ ಕೆರಳಿದರೂ ಸೋಂಕಿನ ಅಪಾಯ ಏರುತ್ತದೆ.

ಮೊದಲ ಕೆಲಸ ಲಸಿಕೆ. ಪ್ರತಿ ವರ್ಷ ಹಾಕಿಸಿಕೊಳ್ಳಬೇಕು. ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು, ತಪ್ಪಿದರೆ ಜಾತ್ರೆಗೆ ಎರಡು ವಾರ ಮೊದಲಾದರೂ ಆಗಲಿ, ಯಾಕೆಂದರೆ ಅದು ಕೆಲಸ ಶುರುಮಾಡಲು ಅಷ್ಟು ದಿನ ಬೇಕು. ಸೂಜಿಯ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರುವುದಿಲ್ಲ. ಮೂಗಿಗೆ ಸಿಂಪಡಿಸುವ ಲಸಿಕೆ ಮಾತ್ರ ನಿಮಗೆ ಬೇಡ, ಅದರಲ್ಲಿರುವುದು ಜೀವಂತ ವೈರಸ್.

ಮೆಡಿಕಲ್ ಶಾಪಿನಲ್ಲಿ ಕೊಂಡು ದವಾಖಾನೆಗೆ ಒಯ್ಯುವುದಾದರೆ ಸ್ವಲ್ಪ ಹುಷಾರು. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಅದನ್ನು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬಸ್ ಹತ್ತಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಇಟ್ಟು, ಸಿರಿಂಜಿನ ಪೆಟ್ಟಿಗೆಗೆ ನಾಲ್ಕು ಸುತ್ತು ಪೇಪರ್ ಸುತ್ತಿ ಒಯ್ಯಿರಿ. ಐಸ್ ನೇರವಾಗಿ ತಾಗಿ ಲಸಿಕೆ ಹೆಪ್ಪುಗಟ್ಟಿದರೂ ಕೆಟ್ಟಂತೆಯೇ. ಇಷ್ಟೆಲ್ಲ ರಗಳೆ ಬೇಡ ಅಂದರೆ, ಫ್ರಿಜ್ಜಿನಲ್ಲಿ ಲಸಿಕೆ ಇಟ್ಟಿರುವ ದವಾಖಾನೆಗೇ ಹೋಗಿ.

ಇನ್ನು ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗುವ ಈ ಗುಳಿಗೆ ಲಸಿಕೆಯ ಫಲವನ್ನು ತಗ್ಗಿಸುತ್ತದೆ. ಅದಕ್ಕೇ ಅಮೆರಿಕದ ರುಮಟಾಲಜಿ (ಸಂಧಿವಾತದಂಥ ಕಾಯಿಲೆಗಳ) ವೈದ್ಯರ ಸಂಘದ 2022ರ ಮಾರ್ಗಸೂಚಿ, ಕೀಲುಗಳು ಹದದಲ್ಲಿದ್ದರೆ ಫ್ಲೂ ಲಸಿಕೆಯ ನಂತರ ಎರಡು ವಾರ ಇದನ್ನು ನಿಲ್ಲಿಸಬಹುದು ಎನ್ನುತ್ತದೆ. ಭಾನುವಾರ ನುಂಗುವವರು ಸೋಮವಾರ ಲಸಿಕೆ ಹಾಕಿಸಿಕೊಂಡರೆ ಮುಂದಿನ ಎರಡು ಭಾನುವಾರ ಬಿಟ್ಟು ಮೂರನೆಯದಕ್ಕೆ ಮತ್ತೆ ಶುರು. ಇದನ್ನು ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ. ರೋಗನಿರೋಧಕ ಶಕ್ತಿಯನ್ನು ಅಡಗಿಸುವ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಇದ್ದರೆ ಅದರ ತಾರೀಖನ್ನೂ ಲಸಿಕೆಯ ತಾರೀಖನ್ನೂ ಹೊಂದಿಸಿಕೊಡಲು ಹೇಳಿ.

ಇಷ್ಟಾಗಿಯೂ ಫ್ಲೂ ಬರಬಹುದು. ಆಗ ಮೈ ಸುಡುವ ತನಕ ಕಾಯಬೇಡಿ. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ. ಇದ್ದಕ್ಕಿದ್ದಂತೆ ಮೈಕೈ ನೋವು, ಒಣ ಕೆಮ್ಮು, ವಿಪರೀತ ಸುಸ್ತು ಬಂದರೆ ಅಂದೇ ತೋರಿಸಿ. ಫ್ಲೂ ವೈರಸ್ ತಡೆಯುವ ಒಸೆಲ್ಟಾಮಿವಿರ್ ಔಷಧಿಯನ್ನು ಲಕ್ಷಣ ಶುರುವಾದ 48 ಗಂಟೆಯೊಳಗೆ ಶುರುಮಾಡಿದರೆ ಲಾಭ ಜಾಸ್ತಿ, ಊರಲ್ಲೇ ಒಂದು ಸೂಜಿ ಮಾಡಿಸಿಕೊಂಡು ಎರಡು ದಿನ ನೋಡೋಣ ಅಂದರೆ ಆ ಹೊತ್ತು ಹೋಗಿಬಿಡುತ್ತದೆ. ಹೋಗುವಾಗ ಎಲ್ಲ ಗುಳಿಗೆಗಳ ಶೀಟನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮೆಥೊಟ್ರೆಕ್ಸೇಟ್, ರಿಟುಕ್ಸಿಮ್ಯಾಬ್‌ನಂಥ ಬಯಾಲಜಿಕ್ ಇಂಜೆಕ್ಷನ್‌ಗಳನ್ನು ಸಾಮಾನ್ಯವಾಗಿ ವಾಸಿಯಾಗುವ ತನಕ ತಡೆಹಿಡಿಯುತ್ತಾರೆ. ದಿನಾ ನುಂಗುವ ಸ್ಟೀರಾಯ್ಡನ್ನು ಮಾತ್ರ ಯಾವ ಕಾರಣಕ್ಕೂ ತಟ್ಟನೆ ನಿಲ್ಲಿಸಬೇಡಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು.

ಉಸಿರಾಡಲು ಕಷ್ಟ, ಎದೆನೋವು, ಗೊಂದಲದ ಮಾತು, ಬೆರಳಿಗೆ ಹಾಕುವ ಮೀಟರಿನಲ್ಲಿ ಆಕ್ಸಿಜನ್ 94ಕ್ಕಿಂತ ಕಡಿಮೆ, ಅಥವಾ ಕಡಿಮೆಯಾದ ಜ್ವರ ಮತ್ತೆ ಮರುಕಳಿಸುವುದು, ಇದರಲ್ಲಿ ಒಂದಿದ್ದರೂ ದೊಡ್ಡಾಸ್ಪತ್ರೆ. ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಕಿಮ್ಸ್, ಬಳ್ಳಾರಿಯವರಿಗೆ ಈಗಲೂ ವಿಮ್ಸ್ ಅಂತಲೇ ಕರೆಯುವ ಬಿಎಂಸಿಆರ್‌ಸಿ ಇವೆಯಲ್ಲ.

ಲಸಿಕೆಗೆ ಹೋದ ದಿನ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯ ಬಗ್ಗೆಯೂ ಕೇಳಿಕೊಂಡು ಬನ್ನಿ. ಮನೆಯವರಿಗೂ ಫ್ಲೂ ಸೂಜಿ ಹಾಕಿಸಿ, ಶಾಲೆಗೆ ಹೋಗುವ ಮಕ್ಕಳಿಗಂತೂ ಮರೆಯಬೇಡಿ.