ಹಳೆಯ ಆಕ್ಟೇವಿಯಾ ಆರ್‌ಎಸ್ ಕಟಕಟ ಅನ್ನುತ್ತಿದೆಯಾ? ಬಿಚ್ಚುವ ಮೊದಲು ಆಯಿಲ್ ಪ್ರೆಶರ್ ನೋಡಿ

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನಮ್ಮ ರಸ್ತೆಗಿಳಿದು 20 ವರ್ಷ ದಾಟಿತು. 1781 ಸಿಸಿ, 20 ವಾಲ್ವ್, ಟರ್ಬೊ, 150 ಪಿಎಸ್. ಆ ಕಾಲಕ್ಕೆ ಇಂಥ ಪೆಟ್ರೋಲ್ ಕಾರು ಇಲ್ಲಿ ಅಪರೂಪ. ಇಂದಿಗೂ ಇದನ್ನು ಮಾರಲು ಮನಸ್ಸಾಗದೆ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಅವರನ್ನು ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆ ಇದು: ಬಾನೆಟ್ ಒಳಗಿಂದ ಕಟಕಟ ಅಂತ ಬರುತ್ತಿದೆಯಲ್ಲ, ಏನದು?

ಗ್ಯಾರೇಜಿನಲ್ಲಿ ಥಟ್ಟನೆ ಸಿಗುವ ಉತ್ತರ 'ಟಪ್ಪೆಟ್ ಸೌಂಡ್ ಸಾರ್'. ಕೆಲವೊಮ್ಮೆ ಅದು ನಿಜವೇ. ಆದರೆ ಈ ಎಂಜಿನ್‌ನಲ್ಲಿ ಟಪ್ಪೆಟ್ (ವಾಲ್ವ್ ತೆರೆಯುವ ಕ್ಯಾಮ್ ದಂಡಕ್ಕೂ ವಾಲ್ವ್‌ಗೂ ನಡುವಿನ ಪುಟ್ಟ ಭಾಗ) ನಡೆಯುವುದು ಆಯಿಲ್ ಒತ್ತಡದಿಂದ. ಎರಡು ಕ್ಯಾಮ್‌ಗಳನ್ನು ಜೋಡಿಸುವ ಕ್ಯಾಮ್ ಚೈನ್ ಬಿಗಿಯಾಗಿ ನಿಲ್ಲುವುದೂ ಅದರಿಂದಲೇ. ಟರ್ಬೊ ಬದುಕಿರುವುದೂ ಅದರಿಂದಲೇ. ಆಯಿಲ್ ಸರಿಯಾಗಿ ಮೇಲೆ ಏರದಿದ್ದರೆ ಹೊಸ ಟಪ್ಪೆಟ್ ಹಾಕಿದರೂ ಶಬ್ದ ವಾಪಸ್ ಬರುತ್ತದೆ. ಅದಕ್ಕೇ ಪಾರ್ಟ್ಸ್ ಕೊಳ್ಳುವ ಮೊದಲು ಪರೀಕ್ಷೆ ಮಾಡಿ ಅಂತ ಒತ್ತಿ ಹೇಳುತ್ತಿದ್ದೇನೆ.

ಹಂತ 1: ಶಬ್ದ ಯಾವಾಗ ಬರುತ್ತದೆ?

ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ, ಕಿಟಕಿ ಇಳಿಸಿ ಕೇಳಿ. ಮೊದಲ ಕೆಲವು ಸೆಕೆಂಡು ಟಿಕ್ ಟಿಕ್ ಅಂದು ನಿಂತರೆ ಚಿಂತೆ ಬೇಡ. ಟಪ್ಪೆಟ್‌ಗೆ ಆಯಿಲ್ ತುಂಬುವವರೆಗಿನ ಸದ್ದು ಅದು. ನಿಲ್ಲದಿದ್ದರೆ ರೇಡಿಯೇಟರ್ ಫ್ಯಾನ್ ಒಂದು ಸಲ ತಿರುಗುವವರೆಗೂ ಎಂಜಿನ್ ಓಡಲಿ. ಆಮೇಲೆ 2500 ಆರ್‌ಪಿಎಂನಲ್ಲಿ 2 ನಿಮಿಷ ಹಿಡಿಯಿರಿ. ಇಷ್ಟಾದ ಮೇಲೂ ಟಿಕ್ ಟಿಕ್ ಇದ್ದರೆ ಟಪ್ಪೆಟ್ ಮೇಲೆ ಅನುಮಾನ ಪಡಬಹುದು.

ಎಂಜಿನ್‌ನ ಎಡತುದಿಯಿಂದ (ಕಾರಿನೊಳಗೆ ಕೂತು ನೋಡಿದಂತೆ), ಅಂದರೆ ಗೇರ್‌ಬಾಕ್ಸ್ ಕಡೆಯಿಂದ, ಗರಗರ ಎಂದು ಚೈನ್ ಉಜ್ಜಿದಂತೆ ಕೇಳಿದರೆ ಅದು ಕ್ಯಾಮ್ ಚೈನ್ ಟೆನ್ಷನರ್, ಅಂದರೆ ಚೈನ್ ಸಡಿಲವಾಗದಂತೆ ಬಿಗಿಯಾಗಿ ಹಿಡಿಯುವ ಭಾಗ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಝಣ್ ಎಂದರೆ ಟರ್ಬೊ ವೇಸ್ಟ್‌ಗೇಟ್, ಅಂದರೆ ಹೆಚ್ಚಾದ ಹೊಗೆಯನ್ನು ಟರ್ಬೊ ಪಕ್ಕದಿಂದ ಹೊರಬಿಡುವ ಬಾಗಿಲು. ಕ್ಲಚ್ ಒತ್ತಿದ ತಕ್ಷಣ ನಿಂತುಹೋಗುವ ಸದ್ದಿಗೆ ಎಂಜಿನ್ ಕಾರಣವಲ್ಲ. ಗೇರ್‌ಬಾಕ್ಸ್ ಅಥವಾ ಫ್ಲೈವೀಲ್ ಕಡೆ ಹುಡುಕಿ. ಏರಿನಲ್ಲಿ ಹೆಚ್ಚಿನ ಗೇರ್‌ನಲ್ಲಿ ಎಳೆಯುವಾಗ ಮಾತ್ರ ಕಿಣಿಕಿಣಿ ಅಂದರೆ ಒಂದು ಟ್ಯಾಂಕ್ 95 ಆಕ್ಟೇನ್ ಪೆಟ್ರೋಲ್ ಹಾಕಿ ನೋಡಿ.

ಒಂದು ಸದ್ದಿಗೆ ಮಾತ್ರ ಕಾರು ನಿಲ್ಲಿಸಲೇಬೇಕು. ಕೆಳಗಿನಿಂದ, ಆಳದಿಂದ ಧಡ್ ಧಡ್ ಎಂದು ಬಂದು, ಎಂಜಿನ್ ಮೇಲೆ ಲೋಡ್ ಬಿದ್ದಂತೆ ಜಾಸ್ತಿಯಾಗುವ ಸದ್ದು ಅದು. ಪಿಸ್ಟನ್ ರಾಡ್ ಕ್ರ್ಯಾಂಕ್‌ಗೆ ಸೇರುವಲ್ಲಿರುವ ಬಿಗ್ ಎಂಡ್ ಬೇರಿಂಗ್ ಹೋಗಿರುವ ಲಕ್ಷಣ. ಹಾಗಿದ್ದರೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ.

ಹಂತ 2: ಶಬ್ದ ಎಲ್ಲಿಂದ?

ಮೆಕ್ಯಾನಿಕ್ ಸ್ಟೆತಸ್ಕೋಪ್ ಕಡಿಮೆ ಬೆಲೆಗೇ ಸಿಗುತ್ತದೆ. ಇಲ್ಲದಿದ್ದರೆ ಉದ್ದದ ಸ್ಕ್ರೂಡ್ರೈವರ್ ಸಾಕು: ತುದಿ ಎಂಜಿನ್ ಮೇಲೆ, ಹಿಡಿ ಕಿವಿಯ ಹಿಂದಿನ ಮೂಳೆಗೆ. ಸಡಿಲ ಬಟ್ಟೆ, ಕೂದಲು, ಶಾಲು ಬೆಲ್ಟ್ ಹತ್ತಿರ ಬರಬಾರದು. ಟಪ್ಪೆಟ್ ಕವರ್‌ನ ಎರಡೂ ತುದಿ, ಬಲಗಡೆಯ ಟೈಮಿಂಗ್ ಕವರ್, ಆಲ್ಟರ್ನೇಟರ್, ಕೊನೆಗೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್. ಹೀಗೆ ಒಂದೊಂದಾಗಿ ಕೇಳುತ್ತಾ ಬನ್ನಿ. ಸದ್ದು ಎಲ್ಲಿ ಚುರುಕಾಗಿ ಕಿವಿಗೆ ಬಡಿಯುತ್ತದೋ ಅಲ್ಲಿ ಚಾಕ್‌ಪೀಸ್‌ನಿಂದ ಗುರುತು ಹಾಕಿ.

ಹಂತ 3: ಖರ್ಚಿಲ್ಲದವನ್ನು ಮೊದಲು ತಳ್ಳಿಹಾಕಿ

ಎಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಟರ್ಬೊ ಸುತ್ತಲಿನ ಹೀಟ್ ಶೀಲ್ಡ್, ಸೈಲೆನ್ಸರ್ ಪೈಪ್ ಮೇಲಿನ ತಗಡು, ಇವನ್ನೆಲ್ಲ ಕೈಯಿಂದ ತಟ್ಟಿ ನೋಡಿ. ತುಕ್ಕು ಹಿಡಿದು ಬೋಲ್ಟ್ ಸುತ್ತಲಿನ ತೂತು ದೊಡ್ಡದಾಗಿದ್ದರೆ ಒಂದು ಅಗಲ ವಾಶರ್ ಹಾಕಿ ಬಿಗಿದರೆ ಮುಗಿಯಿತು. ವೇಸ್ಟ್‌ಗೇಟ್ ತೋಳನ್ನು ಬೆರಳಿನಿಂದ ಅಲುಗಾಡಿಸಿ. ಲೊಟಲೊಟ ಆಡಿದರೆ ಅಲ್ಲಿ ಸವೆತ ಇದೆ.

ಆಮೇಲೆ ಹೊರಗಿನ ಬೆಲ್ಟ್ ಕಳಚಿ ಅರ್ಧ ನಿಮಿಷ ಮಾತ್ರ ಎಂಜಿನ್ ಓಡಿಸಿ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ತಿರುಗಿಸುವುದು ಟೈಮಿಂಗ್ ಬೆಲ್ಟ್, ಹಾಗಾಗಿ ಅಷ್ಟು ಹೊತ್ತಿಗೆ ತೊಂದರೆಯಿಲ್ಲ. ಸದ್ದು ಮಾಯವಾದರೆ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಸ್ಟೀರಿಂಗ್ ಪಂಪ್, ಬೆಲ್ಟ್ ಟೆನ್ಷನರ್ ಇವುಗಳಲ್ಲೊಂದು ಕಳ್ಳ.

ಹಂತ 4: ಆಯಿಲ್ ಪ್ರೆಶರ್ ಅಳೆಯಿರಿ

ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. ಬಹಳ ಜನ ಡಿಪ್‌ಸ್ಟಿಕ್ ನೋಡಿ 'ಆಯಿಲ್ ಇದೆ' ಅಂತ ಸುಮ್ಮನಾಗುತ್ತಾರೆ. ಇರುವುದು ಬೇರೆ, ಏರುವುದು ಬೇರೆ ಅಲ್ವಾ? ಡ್ಯಾಶ್‌ಬೋರ್ಡ್‌ನ ಕೆಂಪು ದೀಪವನ್ನೂ ನಂಬಿ ಕೂರಬೇಡಿ. ಒತ್ತಡ ತೀರಾ ಕುಸಿದ ಮೇಲಷ್ಟೇ ಅದು ಎಚ್ಚರಿಸುತ್ತದೆ.

ಆಯಿಲ್ ಫಿಲ್ಟರ್ ಕೂರುವ ಅಲ್ಯೂಮಿನಿಯಂ ಭಾಗದ ಮೇಲೆ ಪ್ರೆಶರ್ ಸ್ವಿಚ್ ಇದೆ. ಅದನ್ನು ಬಿಚ್ಚಿ ಆ ಜಾಗಕ್ಕೆ ಗೇಜ್ ತಿರುಗಿಸಿ. ಆಯಿಲ್ ಪೂರ್ತಿ ಬಿಸಿಯಾಗಲಿ. ತಣ್ಣಗಿನ ಆಯಿಲ್ ಗಟ್ಟಿಯಾಗಿರುವುದರಿಂದ ಕೆಟ್ಟ ಎಂಜಿನ್ ಕೂಡ ಚೆನ್ನಾಗಿರುವ ಅಂಕಿ ತೋರಿಸುತ್ತದೆ. ಬಿಸಿ ಎಂಜಿನ್ 3000 ಆರ್‌ಪಿಎಂನಲ್ಲಿ ಸುಮಾರು 3.5ರಿಂದ 4.5 ಬಾರ್ ತೋರಿಸಬೇಕು. ಐಡಲ್‌ನಲ್ಲಿ 1 ಬಾರ್‌ಗಿಂತ ಕೆಳಗೆ ಇಳಿದು, ರೇಸ್ ಮಾಡಿದರೂ ಮುಳ್ಳು 2ರ ಹತ್ತಿರವೇ ತೂಗಾಡಿದರೆ ಟಪ್ಪೆಟ್, ಚೈನ್ ಎಲ್ಲ ಆಮೇಲಿನ ಮಾತು. ಚೇಂಬರ್ ಇಳಿಸಲೇಬೇಕು.

ಈ 1.8 ಟರ್ಬೊ ಎಂಜಿನ್ ಕುಟುಂಬಕ್ಕೆ ಆಯಿಲ್ ಕೆಸರಾಗುವ ಕಾಯಿಲೆ ಹಳೆಯದು. ಪಸ್ಸಾಟ್ ಮತ್ತು ಆಡಿ ಎ4ನಲ್ಲಿ ಉದ್ದಕ್ಕೆ ಕೂರಿಸಿದ ಎಂಜಿನ್‌ಗೆ ಆಯಿಲ್ ಹಿಡಿಸುವ ಪ್ರಮಾಣ ಕಡಿಮೆ, ಅಲ್ಲಿ ಇದು ಜಾಸ್ತಿ. ಆಕ್ಟೇವಿಯಾದಲ್ಲಿ ಎಂಜಿನ್ ಅಡ್ಡಕ್ಕಿದೆ, ಸುಮಾರು 4.5 ಲೀಟರ್ ಹಿಡಿಸುತ್ತದೆ, ಆದ್ದರಿಂದ ಸ್ವಲ್ಪ ಕಡಿಮೆ. ಹಾಗಂತ ಬಚಾವಾಗಿಲ್ಲ. ಟರ್ಬೊ ಶಾಖಕ್ಕೆ ಆಯಿಲ್ ಸುಡುತ್ತದೆ. ಸಿಟಿ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ನಿಂತಲ್ಲೇ ಓಡುವಾಗ ಕಿಲೋಮೀಟರ್ ಏರುವುದಿಲ್ಲ, ಆಯಿಲ್ ಮಾತ್ರ ಹಾಳಾಗುತ್ತಿರುತ್ತದೆ. ಅದಕ್ಕೆ ಮಿನರಲ್ ಆಯಿಲ್ ಬೇರೆ ಹಾಕಿಬಿಟ್ಟಿದ್ದರೆ ಸುಟ್ಟ ಕರಿ ಕಣಗಳು ಚೇಂಬರ್ ತಳಕ್ಕಿಳಿದು, ಪಂಪ್ ಆಯಿಲ್ ಹೀರುವ ಬಾಯಲ್ಲಿರುವ ಜಾಲರಿಗೆ ಅಂಟಿಕೊಳ್ಳುತ್ತವೆ, ಆಯಿಲ್ ಮೇಲೆ ಏರುವುದಿಲ್ಲ.

ಹಂತ 5: ಚೇಂಬರ್ ಇಳಿಸುವುದು

ಕಾರನ್ನು ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಆಯಿಲ್ ಇಳಿಸಿ. ಟರ್ಬೊದಿಂದ ವಾಪಸ್ ಬರುವ ಆಯಿಲ್ ಪೈಪ್ ಚೇಂಬರ್‌ಗೇ ಸೇರಿರುತ್ತದೆ, ಅದನ್ನೂ ಬಿಡಿಸಬೇಕು. ಫ್ಲೈವೀಲ್ ಪಕ್ಕದ ಎರಡು ಅಲೆನ್ ಬೋಲ್ಟ್ ಕಣ್ಣಿಗೆ ಬೀಳುವುದಿಲ್ಲ. ಫ್ಲೈವೀಲ್ ತಿರುಗಿಸಿ ಸಂದಿಯಿಂದ ತಲುಪಬೇಕು. ಇವನ್ನು ಮರೆತು ಚೇಂಬರ್‌ಗೆ ಸುತ್ತಿಗೆ ಬಡಿದರೆ ಅಲ್ಯೂಮಿನಿಯಂ ಬಿರುಕು ಬಿಡುತ್ತದೆ.

ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕರಿ ಮರಳಿನಂಥ ಕಣಗಳು ತೂತು ಮುಚ್ಚಿರುತ್ತವೆ. ತೊಳೆದು ಮತ್ತೆ ಹಾಕುವವರಿದ್ದಾರೆ. ಹೊಸದೇ ಹಾಕಿ ಅನ್ನುವುದು ನನ್ನ ಸಲಹೆ, ಒಳಗೆ ಸಿಕ್ಕಿಕೊಂಡ ಕಣ ಎಷ್ಟು ತೊಳೆದರೂ ಉಳಿದಿರುತ್ತದೆ. ಓ-ರಿಂಗ್ ಅಂತೂ ಹೊಸದೇ ಆಗಬೇಕು. ಕಣಗಳ ನಡುವೆ ತಾಮ್ರದ ಬಣ್ಣದ ಚೂರು ಹೊಳೆದರೆ ಬೇರಿಂಗ್ ಸವೆದಿದೆ ಎಂದರ್ಥ. ಆಗ ಕೆಲಸ ಅಲ್ಲಿಗೇ ನಿಲ್ಲಿಸಿ, ಎಂಜಿನ್ ಕೆಲಸ ಬಲ್ಲವರನ್ನು ಕರೆಯಿರಿ.

ವಾಪಸ್ ಕೂರಿಸುವಾಗ ಇಲ್ಲಿ ಪ್ಯಾಕಿಂಗ್ ಇಲ್ಲ, ಸಿಲಿಕಾನ್ ಪೇಸ್ಟ್ ಮಾತ್ರ. ಗೆರೆ 2ರಿಂದ 3 ಮಿಲಿಮೀಟರ್ ದಪ್ಪ ಸಾಕು. ಲೀಕ್ ಆಗದಿರಲಿ ಅಂತ ದಪ್ಪಗೆ ಬಳಿದರೆ ಹೆಚ್ಚಾದದ್ದು ಒಳಗೆ ಉದುರಿ ಅದೇ ಜಾಲರಿಗೆ ಹೋಗಿ ಕೂರುತ್ತದೆ. ಪೇಸ್ಟ್ ಹಚ್ಚಿ 5 ನಿಮಿಷದೊಳಗೆ ಚೇಂಬರ್ ಕೂರಿಸಿ. ಆಯಿಲ್ ತುಂಬುವ ಮೊದಲು ಕನಿಷ್ಠ ಅರ್ಧ ಗಂಟೆ ಬಿಡಿ.

ಹಂತ 6: ಚೈನ್ ಟೆನ್ಷನರ್

ಪ್ರೆಶರ್ ಸರಿಯಿದ್ದೂ ಗರಗರ ನಿಲ್ಲದಿದ್ದರೆ ಟಪ್ಪೆಟ್ ಕವರ್ ತೆಗೆಯಿರಿ. ಟೈಮಿಂಗ್ ಬೆಲ್ಟ್ ತಿರುಗಿಸುವುದು ಎಕ್ಸಾಸ್ಟ್ ಕ್ಯಾಮ್ ಒಂದನ್ನೇ. ಅದರಿಂದ ಇನ್‌ಟೇಕ್ ಕ್ಯಾಮ್‌ಗೆ ತಿರುಗಾಟ ದಾಟಿಸುವುದು ಎಡತುದಿಯ ಪುಟ್ಟ ಚೈನ್. ಅದರ ನಡುವೆ ಟೆನ್ಷನರ್ ಇದೆ, ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಪ್ಯಾಡ್ ಇರುತ್ತವೆ. ಪ್ಯಾಡ್‌ನಲ್ಲಿ ಚೈನ್ ಆಳವಾಗಿ ಗೆರೆ ಕೊರೆದಿದ್ದರೆ, ಅದು ಕಂದು ಬಣ್ಣಕ್ಕೆ ತಿರುಗಿ ಮುರಿದಿದ್ದರೆ ಸದ್ದಿನ ಮೂಲ ಅದೇ. ಮುರಿದ ಚೂರು ಸಿಗದಿದ್ದರೆ ಅದು ಚೇಂಬರ್‌ಗೆ ಬಿದ್ದಿರುತ್ತದೆ.

ಟಪ್ಪೆಟ್ ಪರೀಕ್ಷೆಯನ್ನೂ ಈಗಲೇ ಮುಗಿಸಿ. ಕ್ಯಾಮ್ ಮೂಗು ಮೇಲೆ ನೋಡುವಂತೆ ಎಂಜಿನ್ ಕೈಯಿಂದ ತಿರುಗಿಸಿ, ಟಪ್ಪೆಟ್ ಅನ್ನು ಮರದ ತುಂಡಿನಿಂದ ಒತ್ತಿ. ಕ್ಯಾಮ್‌ಗೂ ಅದಕ್ಕೂ ನಡುವೆ 0.2 ಮಿಲಿಮೀಟರ್ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡಿನ ಪಟ್ಟಿ) ನುಸುಳಿದರೆ ಆ ಟಪ್ಪೆಟ್ ಬದಲಿಸಿ.

ಟೆನ್ಷನರ್ ತೆಗೆಯಲು ಕ್ಯಾಮ್‌ಗಳನ್ನು ಎತ್ತಬೇಕು, ಅದಕ್ಕೆ ಟೈಮಿಂಗ್ ಬೆಲ್ಟ್ ಸಡಿಲಿಸಬೇಕು. ಆದ್ದರಿಂದ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಇದೇ ಸಲ ಬದಲಿಸುವುದು ಜಾಣತನ. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೊಡೆದು ವಾಲ್ವ್ ಬಾಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಾರ್ಟ್ಸ್ ಕೇಳುವಾಗ ಬರೀ ಕಾರಿನ ಹೆಸರು ಹೇಳದೆ ಎಂಜಿನ್ ಕೋಡ್ ಬರೆದುಕೊಂಡು ಹೋಗಿ. ಈ ಎಂಜಿನ್‌ನ ಹಲವು ಬಗೆಗಳಿವೆ, ಟೆನ್ಷನರ್ ಎಲ್ಲಕ್ಕೂ ಒಂದೇ ಅಲ್ಲ. ಗುಜರಿಯಿಂದ ತಂದ ಟೆನ್ಷನರ್ ಮಾತ್ರ ಬೇಡವೇ ಬೇಡ.

ಟೆನ್ಷನರ್ ಒತ್ತಿ ಹಿಡಿಯುವ ಟೂಲ್ ಬಳಸಿ, ಆದರೆ ಜಾಸ್ತಿ ಬಿಗಿದರೆ ಅದೇ ಮುರಿಯುತ್ತದೆ. ಕ್ಯಾಮ್ ಕ್ಯಾಪ್‌ಗಳ ಮೇಲೆ ನಂಬರ್ ಇದೆ, ಅದಲು ಬದಲಾಗಬಾರದು. ಮ್ಯಾನುಯಲ್‌ನಲ್ಲಿ ಹೇಳಿದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಹಾಗೆಯೇ ಬಿಗಿಯಿರಿ. ಕೊನೆಯ ಬಿಗಿತ 10 ನ್ಯೂಟನ್ ಮೀಟರ್ ಅಷ್ಟೇ, ಟಾರ್ಕ್ ರೆಂಚ್ ಇಲ್ಲದೆ ಕೈಹಾಕಬೇಡಿ. ಎರಡು ಕ್ಯಾಮ್‌ಗಳ ಗುರುತುಗಳ ನಡುವೆ ಚೈನ್‌ನ 16 ರೋಲರ್ ಇರಬೇಕು. ಎಣಿಸಿ. ಜೊತೆಯಲ್ಲಿದ್ದವರಿಂದ ಇನ್ನೊಮ್ಮೆ ಎಣಿಸಿಸಿ. ಬೆಲ್ಟ್ ಕಟ್ಟಿ, ಕ್ಯಾಮ್ ಕೂರಿಸಿ ಅರ್ಧ ಗಂಟೆ ಕಳೆದ ಮೇಲೆ ಎಂಜಿನ್ ಅನ್ನು ಪಾನಾ ಹಾಕಿ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಟೈಮಿಂಗ್ ಗುರುತು ಮತ್ತೆ ಕೂಡಿತೇ ನೋಡಿ. ಮಧ್ಯೆ ಎಲ್ಲಾದರೂ ತಡೆದರೆ ಬಲ ಹಾಕಬೇಡಿ.

ಹಂತ 7: ಮೊದಲ ಸ್ಟಾರ್ಟ್

ಕ್ಯಾಮ್ ಕೂರಿಸಿ ಅರ್ಧ ಗಂಟೆಯಾದರೂ ಕಳೆಯಲಿ. ಟಪ್ಪೆಟ್ ಒಳಗಿನ ಆಯಿಲ್ ಇಳಿಯದೆ ಎಂಜಿನ್ ತಿರುಗಿಸಿದರೆ ವಾಲ್ವ್‌ಗೆ ಪಿಸ್ಟನ್ ಬಡಿಯಬಹುದು. ಹೊಸ ಫಿಲ್ಟರ್, ಫೋಕ್ಸ್‌ವ್ಯಾಗನ್ 502 00 ಗುಣಮಟ್ಟ ಎಂದು ಡಬ್ಬದ ಮೇಲೆ ಬರೆದಿರುವ 5ಡಬ್ಲ್ಯು-40 ಸಿಂಥೆಟಿಕ್ ಆಯಿಲ್ ಹಾಕಿ. ಫ್ಯುಯಲ್ ಪಂಪ್ ಫ್ಯೂಸ್ ಕಿತ್ತು, ಇಗ್ನಿಷನ್ ಕಾಯಿಲ್ ಕನೆಕ್ಟರ್ ಬಿಡಿಸಿ, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಟರ್ಬೊಗೆ ಒಣ ಸ್ಟಾರ್ಟ್ ಆಗಬಾರದು. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿ, ರೇಸ್ ಮಾಡದೆ ಬಿಸಿಯಾಗಲು ಬಿಡಿ, ಪ್ರೆಶರ್ ಗೇಜ್ ಮತ್ತೊಮ್ಮೆ ಹಾಕಿ ಅಂಕಿ ಬರೆದಿಟ್ಟುಕೊಳ್ಳಿ.

ಹಳೆಯ ಕೆಸರು ಇದ್ದ ಎಂಜಿನ್ ಆಗಿದ್ದರೆ ಈ ಆಯಿಲ್ ಅನ್ನು 1000 ಕಿಲೋಮೀಟರ್‌ಗೇ ಇಳಿಸಿ. ಹೊಸ ಆಯಿಲ್ ಮೂಲೆಯಲ್ಲಿ ಗಟ್ಟಿಯಾಗಿದ್ದ ಕೊಳೆಯನ್ನು ಕರಗಿಸಿ ಕೆಳಗೆ ತರುತ್ತದೆ. ಹಳೆ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಕರಿ ಕಣ ಇನ್ನೂ ಸಿಗುತ್ತಿದ್ದರೆ ಪ್ರೆಶರ್ ಇನ್ನೊಮ್ಮೆ ಅಳೆಯಿರಿ. ಬರೆದಿಟ್ಟ ಅಂಕಿಗಿಂತ ಇಳಿದಿದ್ದರೆ ಜಾಲರಿ ಮತ್ತೆ ಕಟ್ಟುತ್ತಿದೆ, ಚೇಂಬರ್ ಇನ್ನೊಂದು ಸಲ ಇಳಿಸಬೇಕು.