ಸೋಲಾರ್ ಪ್ಯಾನೆಲ್ ಅಡ್ಡ ಕೂರಿಸಿ

ಮನೆ ಮೇಲೆ ಹೊಸದಾಗಿ ಸೋಲಾರ್ ಹಾಕಿಸುವವರು ಪ್ಯಾನೆಲನ್ನು ಉದ್ದಕ್ಕೆ ನಿಲ್ಲಿಸುವ ಬದಲು ಅಡ್ಡ ಕೂರಿಸಲು ಹೇಳಿ. ಉದ್ದನೆಯ ಅಂಚು ಕೆಳಗೆ ಬರಬೇಕು. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಫ್ರೇಮಿನ ಗುಂಟ ಮಣ್ಣು, ಪಾಚಿ, ತರಗೆಲೆ ಕೂತುಬಿಡುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಪ್ಯಾರಪೆಟ್ ನೆರಳು ಬೀಳುವುದೂ ಸಾಮಾನ್ಯವಾಗಿ ಅದೇ ಅಂಚಿಗೇ ಅಲ್ವಾ? 60 ಅಥವಾ 72 ಸೆಲ್‌ನ ಮಾಮೂಲಿ ಪ್ಯಾನೆಲಿನಲ್ಲಿ ಸೆಲ್‌ಗಳು ಉದ್ದಕ್ಕೆ 3 ಗುಂಪುಗಳಾಗಿರುತ್ತವೆ, ಗುಂಪಿಗೊಂದು ಬೈಪಾಸ್ ಡಯೋಡ್, ಅಂದರೆ ನೆರಳು ಬಿದ್ದ ಗುಂಪನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ದಾಟಿಸುವ ಬಿಡಿಭಾಗ. ನಿಲ್ಲಿಸಿದ ಪ್ಯಾನೆಲಿನಲ್ಲಿ ಕೆಳಗಿನ ಒಂದೇ ಸಾಲು ಮುಚ್ಚಿದರೂ ಮೂರೂ ಗುಂಪಿಗೆ ಪೆಟ್ಟು. ಅಡ್ಡ ಕೂರಿಸಿದರೆ ಕೆಳಗಿನ ಗುಂಪು ಮಾತ್ರ ಹೋಗುತ್ತದೆ, ಉಳಿದೆರಡು ಕೆಲಸ ಮಾಡುತ್ತಲೇ ಇರುತ್ತವೆ. ಈಗ ಬರುವ ಹಾಫ್-ಕಟ್ (ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಜೋಡಿಸಿದ) ಪ್ಯಾನೆಲ್‌ನಲ್ಲಿ ಲಾಭ ಕಡಿಮೆ, ಏಕೆಂದರೆ ಅದರ ಮೇಲರ್ಧ, ಕೆಳಗಿನರ್ಧ ಮೊದಲೇ ಬೇರೆ ಬೇರೆ. ಒಂದೇ 12 ವೋಲ್ಟ್ ಪ್ಯಾನೆಲಿನಿಂದ ಬ್ಯಾಟರಿ ಚಾರ್ಜ್ ಮಾಡುವವರಿಗೂ ಇದು ನಡೆಯುವುದಿಲ್ಲ, ಒಂದು ಗುಂಪು ಬಿಟ್ಟುಹೋದರೆ ವೋಲ್ಟೇಜೇ ಸಾಲುವುದಿಲ್ಲ. ಅಡಿಕೆ ಮರದ ನೆರಳು ಮೂರೂ ಗುಂಪಿನ ಮೇಲೆ ಹಾಯುವಂತಿದ್ದರೆ ಅಡ್ಡ ಹಾಕಿಯೂ ಸುಖವಿಲ್ಲ, ಜಾಗವನ್ನೇ ಬದಲಾಯಿಸಿ. ಕ್ಲ್ಯಾಂಪ್ ಎಲ್ಲಿ ಹಿಡಿಯಬೇಕು ಎಂದು ಪ್ಯಾನೆಲಿನ ಕೈಪಿಡಿಯಲ್ಲಿ ಇರುತ್ತದೆ, ದಯವಿಟ್ಟು ಅದನ್ನು ನೋಡಿಯೇ ಹಾಕಿಸಿ. ನಮ್ಮ ಗಾಳಿಮಳೆಗೆ ಅದು ಬಹಳ ಮುಖ್ಯ.