ಕುದಿಸುವುದೋ, ಕಿವುಚುವುದೋ, ನೆನೆಸುವುದೋ: ಕಾಲಕ್ಕೆ ತಕ್ಕ ಕಷಾಯ ಮಾಡುವ ಬಗೆ

2020ರಲ್ಲಿ ಕೊರೊನಾ ಬಂದಾಗ ಊರಿಗೆ ಊರೇ ಕಷಾಯ ಕುಡಿಯಿತು. ಕೇಂದ್ರದ ಆಯುಷ್ ಸಚಿವಾಲಯ ಆಗ ಹೇಳಿದ ಅಳತೆ ತೀರಾ ಮಿತವಾದದ್ದು. ತುಳಸಿ 4 ಪಾಲು, ಚಕ್ಕೆ 2, ಒಣಶುಂಠಿ 2, ಕಾಳುಮೆಣಸು 1 ಪಾಲು ಸೇರಿಸಿದ ಪುಡಿ 3 ಗ್ರಾಂ. ಅದಕ್ಕೆ ಕುದಿದ ನೀರು 150 ಮಿ.ಲೀ. ಮನೆಗಳಲ್ಲಿ ಆದದ್ದೇ ಬೇರೆ. ಇದ್ದಬದ್ದ ಮಸಾಲೆಯನ್ನೆಲ್ಲ ಸುರಿದು, ನೀರು ಅರ್ಧಕ್ಕಿಳಿಯುವ ತನಕ ಕುದಿಸಿ, ಮೂರು ಹೊತ್ತೂ ಕುಡಿದು ಎದೆಯುರಿ ತಂದುಕೊಂಡವರಿದ್ದಾರೆ. ಬೇರು, ಎಲೆ, ಹೂವು, ಬೀಜ ಏನೇ ಸಿಕ್ಕಲಿ, ಕೊತಕೊತ ಕುದಿಸಿದರೆ ಕಷಾಯವಾಯಿತು ಅನ್ನುವ ಅಭ್ಯಾಸ ಆಮೇಲೂ ಹೋಗಿಲ್ಲ.

ಆಯುರ್ವೇದದಲ್ಲಿ ಇದಕ್ಕೆ ಬೇರೆಬೇರೆ ದಾರಿಗಳಿವೆ. ಗಟ್ಟಿ ಬೇರು, ತೊಗಟೆ, ಕಾಳುಗಳನ್ನು ಜಜ್ಜಿ, ಹದಿನಾರು ಪಾಲು ನೀರಿನಲ್ಲಿ ಎಂಟನೇ ಒಂದು ಪಾಲಿಗೆ ಇಳಿಸಿದರೆ ಕ್ವಾಥ. ಬಿಸಿನೀರಿಗೆ ಹಾಕಿ ಕಿವುಚಿ ಸೋಸಿದರೆ ಫಾಂಟ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಸೋಸಿದರೆ ಹಿಮ. ಇದರಲ್ಲಿ ನಿಗೂಢವೇನೂ ಇಲ್ಲ. ತುಳಸಿ, ಮಜ್ಜಿಗೆಹುಲ್ಲು, ಲಾವಂಚದ ಪರಿಮಳವೆಲ್ಲ ಆವಿಯಾಗಿ ಹಾರಿಹೋಗುವ ಎಣ್ಣೆಯಲ್ಲಿದೆ. ಕುದಿಸಿದರೆ ಅಡುಗೆಮನೆ ಘಮಘಮ, ಲೋಟದಲ್ಲಿ ಬರೀ ಕಂದು ನೀರು. ಹಾಗಾಗಿ ಒಲೆ ಹಚ್ಚುವ ಮುಂಚೆ ಕೈಯಲ್ಲಿರುವುದು ಗಿಡದ ಯಾವ ಭಾಗ ಅಂತ ನೋಡಿಕೊಳ್ಳಿ. ಬೇಸಿಗೆ, ಮಳೆ, ಚಳಿಯ ಲೆಕ್ಕ ಅದರ ನಂತರದ್ದು.

ಬೇಸಿಗೆ: ಒಲೆ ಹಚ್ಚುವ ಕೆಲಸವೇ ಕಡಿಮೆ

ಲಾವಂಚದ ಬೇರು ಗ್ರಂಧಿಗೆ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಕಟ್ಟು ಬಿಚ್ಚಿ, ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಬೇರಿನ ಸಂದಿಯ ಮಣ್ಣು ಮೊದಲ ನೀರಿಗೇ ಬಿಡುವುದಿಲ್ಲ. ಕುದಿಸಿ ಆರಿಸಿದ ಎರಡು ಲೀಟರ್ ನೀರನ್ನು ಮಣ್ಣಿನ ಹೂಜಿಗೆ ತುಂಬಿ, ಒಂದು ಹಿಡಿ ಬೇರು ಹಾಕಿ, ಬಟ್ಟೆ ಕಟ್ಟಿ ರಾತ್ರಿ ಬಿಡಿ. ನೀರನ್ನು ಮೊದಲೇ ಕುದಿಸಿರಬೇಕು, ತಣ್ಣೀರಿನಲ್ಲಿ ನೆನೆಸಿದರೆ ರೋಗಾಣು ಸಾಯುವುದಿಲ್ಲ. ಬೆಳಿಗ್ಗೆ ಬೇರು ತೆಗೆದು ಬಿಸಿಲಿಗೆ ಒಣಗಿಸಿ. ಪರಿಮಳ ಇರುವವರೆಗೆ ಮತ್ತೆ ಬಳಸಬಹುದು. ಲೋಳೆಯಾದರೆ ಎಸೆಯಿರಿ.

ಸೊಗದೆ ಬೇರಿನದ್ದು ಇನ್ನೊಂದು ಸೂಕ್ಷ್ಮ. ಇದನ್ನು ಕೆಲವೆಡೆ ನಾಮದ ಬೇರು ಅನ್ನುತ್ತಾರೆ, ಬಾಟಲಿಯಲ್ಲಿ ನನ್ನಾರಿ ಶರಬತ್ತು ಅಂತ ಬರುವುದೂ ಇದೇ. ಇದರ ಘಮವೆಲ್ಲ ಸಿಪ್ಪೆಯಲ್ಲಿ. ಬೇರನ್ನು ಕಲ್ಲಿನ ಮೇಲಿಟ್ಟು ಜಜ್ಜಿದರೆ ಸಿಪ್ಪೆ ಬಿರಿದು ನಡುವಿನ ಬಿಳಿ ಕಡ್ಡಿ ಬೇರೆಯಾಗುತ್ತದೆ. ಕಡ್ಡಿ ಬಿಸಾಡಿ, ಸಿಪ್ಪೆಯನ್ನಷ್ಟೇ ಕುದಿಬಂದ ನೀರಿಗೆ ಹಾಕಿ, ಒಲೆ ಆರಿಸಿ, ಮುಚ್ಚಿಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಸೋಸಿ, ಬೆಲ್ಲ, ನಿಂಬೆರಸ ಸೇರಿಸಿದರೆ ಆಯಿತು. ಅಂಗಡಿಯ ಶರಬತ್ತಿನಲ್ಲಿ ಬೇರಿಗಿಂತ ಸಕ್ಕರೆ ಪಾಕವೇ ಹೆಚ್ಚು. ಅದನ್ನು ಖುಷಿಗೆ ಕುಡಿಯಬಹುದು, ಆರೋಗ್ಯದ ಹೆಸರು ಹೇಳಿಕೊಂಡು ಬೇಡ.

ಕರಾವಳಿಯ ಪುನರ್ಪುಳಿಗೆ, ಉತ್ತರ ಕನ್ನಡದವರ ಮುರುಗಲಿಗೆ, ಇಷ್ಟು ಉಪಚಾರವೂ ಬೇಡ. ಒಣಸಿಪ್ಪೆಯನ್ನು ಎರಡು ಗಂಟೆ ನೆನೆಸಿ ಕಿವುಚಿ, ಬೆಲ್ಲ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ. ಸ್ಟೀಲ್ ಅಥವಾ ಗಾಜಿನ ಪಾತ್ರೆ ಇರಲಿ. ಹುಳಿ ಪದಾರ್ಥಕ್ಕೆ ತಾಮ್ರ, ಅಲ್ಯೂಮಿನಿಯಂ ಆಗಿಬರುವುದಿಲ್ಲ.

ಮಳೆಗಾಲ: ಮಲೆನಾಡಿನ ಕಷಾಯದ ಪುಡಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆ ಮನೆಗೆ ಬಂದವರನ್ನು ‘ಕಾಫಿಯೋ, ಟೀಯೋ, ಕಷಾಯವೋ’ ಅಂತ ಕೇಳುವುದು ಸಾಮಾನ್ಯ. ಅಲ್ಲಿ ಕಷಾಯ ಔಷಧಿಯಲ್ಲ, ದಿನನಿತ್ಯದ ಪಾನೀಯ. ಅದಕ್ಕೇ ಅದರಲ್ಲಿ ಖಾರ ಕಡಿಮೆ, ಕೊತ್ತಂಬರಿಯದ್ದೇ ಕಾರುಬಾರು.

ಒಂದು ಬಟ್ಟಲು ಕೊತ್ತಂಬರಿ ಬೀಜ, ಅರ್ಧ ಬಟ್ಟಲು ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಒಂದು ಚಿಕ್ಕ ಚಮಚ ಮೆಂತ್ಯ, ಹೆಬ್ಬೆರಳುದ್ದದ ಒಣಶುಂಠಿ, ಏಳೆಂಟು ಏಲಕ್ಕಿ, ಜಾಯಿಕಾಯಿಯ ಸಣ್ಣ ಚೂರು. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಹಾಕಬೇಡಿ, ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಕರಕಲಾಗಿರುತ್ತದೆ. ಮೊದಲು ಮೆಂತ್ಯವನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ತೆಗೆಯಿರಿ. ಅದು ಹಸಿಯಾಗಿ ಉಳಿದರೆ ಇಡೀ ಪುಡಿ ಕಹಿ, ಸೀದರೆ ಇನ್ನೂ ಕಹಿ. ಆಮೇಲೆ ಕೊತ್ತಂಬರಿ ಘಮ್ಮೆನ್ನುವ ತನಕ, ಬಳಿಕ ಮೆಣಸು, ಕೊನೆಗೆ ಜೀರಿಗೆ. ಒಲೆ ಆರಿಸಿದ ಮೇಲೆ ಬಾಣಲೆಯ ಕಾವಿನಲ್ಲೇ ಏಲಕ್ಕಿ, ಶುಂಠಿ, ಜಾಯಿಕಾಯಿ ಬೆಚ್ಚಗಾದರೆ ಸಾಕು. ಪೂರ್ತಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಪುಡಿ ಬೆವರಿ ಗಂಟುಕಟ್ಟುತ್ತದೆ, ಮಳೆಗಾಲದಲ್ಲಿ ಬೂಸಲು ಹಿಡಿಯುವುದಕ್ಕೆ ಅಷ್ಟೇ ಸಾಕು.

ಇಬ್ಬರಿಗೆ ಎರಡು ಲೋಟ ನೀರಿಗೆ ಎರಡು ಚಿಕ್ಕ ಚಮಚ ಪುಡಿ, ರುಚಿಗೆ ಬೆಲ್ಲ ಹಾಕಿ ಐದು ನಿಮಿಷ ಕುದಿಸಿ. ಉರಿ ಆರಿಸಿ, ಕುದಿತ ನಿಂತ ಮೇಲೆ ಅರ್ಧ ಲೋಟ ಬಿಸಿ ಹಾಲು ಬೆರೆಸಿ. ಬೆಲ್ಲ ಹಾಕಿದ ಕಷಾಯ ಕುದಿಯುತ್ತಿರುವಾಗಲೇ ಹಾಲು ಸುರಿದರೆ ಬಹಳ ಸಲ ಒಡೆಯುತ್ತದೆ. ಹಾಲು ಸೇರದವರು ನಿಂಬೆರಸ ಹಿಂಡಿಕೊಳ್ಳಬಹುದು.

ತುಳುನಾಡಿನ ಆಟಿ ಅಮಾವಾಸ್ಯೆಯ ಕಷಾಯದ ಮಾತೇ ಬೇರೆ. ಬೆಳಕು ಹರಿಯುವ ಮುಂಚೆ ಹಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತರುತ್ತಾರೆ. ಬೆಳ್ಳುಳ್ಳಿ, ಓಮ, ಕಾಳುಮೆಣಸಿನ ಜೊತೆ ಅರೆದು ರಸ ತೆಗೆದು, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಚುಂಯ್ ಎನ್ನಿಸುತ್ತಾರೆ. ಖಾಲಿ ಹೊಟ್ಟೆಗೆ ಇದು, ಮೇಲೆ ತಂಪಿಗೆ ಮೆಂತ್ಯೆ ಗಂಜಿ. ವರ್ಷಕ್ಕೊಂದು ಸಲ, ಸ್ವಲ್ಪವೇ. ಮರದ ಗುರುತು ಪಕ್ಕಾ ಗೊತ್ತಿದ್ದವರು ತಂದದ್ದಾದರೆ ಮಾತ್ರ ಕುಡಿಯಿರಿ. ನಸುಗತ್ತಲಲ್ಲಿ ಗುರುತು ತಪ್ಪಿ ಕಾಸರಕದ ತೊಗಟೆ ಸೇರಿದರೆ ಅದು ಪ್ರಾಣಾಂತಿಕ, ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ. ನಗರದಲ್ಲಿದ್ದು ಯೂಟ್ಯೂಬ್ ನೋಡಿ ಮಾಡುವ ಕಷಾಯ ಇದಲ್ಲ.

ಚಳಿಗಾಲ: ಮುಚ್ಚಳ ಮರೆಯಬೇಡಿ

ತುಳಸಿ, ಮಜ್ಜಿಗೆಹುಲ್ಲು, ಪುದೀನ ಇವೆಲ್ಲ ಎಲೆಗಳು. ನೀರು ಕುದಿಬಂದ ಕೂಡಲೇ ಒಲೆ ಆರಿಸಿ, ಎಲೆ ಹಾಕಿ, ತಟ್ಟೆ ಮುಚ್ಚಿ ಐದಾರು ನಿಮಿಷ ಬಿಡಿ. ತಟ್ಟೆ ತೆಗೆಯುವಾಗ ಅದರ ಒಳಮೈಯ ಹನಿಗಳನ್ನು ಪಾತ್ರೆಗೇ ಕೊಡವಿ, ಘಮ ಕೂತಿರುವುದು ಅಲ್ಲಿ. ಮಜ್ಜಿಗೆಹುಲ್ಲಿನ ಗರಿಯನ್ನು ಗಂಟುಹಾಕಿ ಬಿಟ್ಟರೆ ಸೋಸುವ ಕೆಲಸವೂ ಇಲ್ಲ. ಹಸಿಶುಂಠಿ ಸೇರಿಸುವುದಾದರೆ ಅದನ್ನು ಮೊದಲೇ ಜಜ್ಜಿ ಎರಡು ಮೂರು ನಿಮಿಷ ಕುದಿಸಿಕೊಳ್ಳಿ, ಎಲೆ ಆಮೇಲೆ.

ಮಕ್ಕಳ ಕೆಮ್ಮಿಗೆ ದೊಡ್ಡಪತ್ರೆ ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ ರಸ ಹಿಂಡಿ ಜೇನು ಸೇರಿಸಿ ಕೊಡುವ ರೂಢಿ ಇದೆಯಷ್ಟೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೂಡದು. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳನ್ನು ಎಳೆಗರುಳು ತಡೆದುಕೊಳ್ಳುವುದಿಲ್ಲ. ಅಜ್ಜಿ ಒತ್ತಾಯಿಸಿದರೂ ಇಲ್ಲಿ ಅಜ್ಜಿಯ ಮಾತು ನಡೆಯಬಾರದು.

ಅರಿಸಿನದ ಹಾಲಿಗೆ ಕಾಳುಮೆಣಸು ಯಾಕೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಜಗತ್ತೆಲ್ಲ ಉದ್ಧರಿಸುತ್ತದೆ. ಅರಿಸಿನದ ಸತ್ವವಾದ ಕರ್ಕ್ಯುಮಿನ್ 2 ಗ್ರಾಂ ಜೊತೆ ಮೆಣಸಿನ ಸತ್ವವಾದ ಪೈಪರಿನ್ 20 ಮಿ.ಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ ಶೇ 2000ರಷ್ಟು ಏರಿತ್ತು. ಜಾಹೀರಾತುಗಳಿಗೆ ಈ ಅಂಕಿ ಬಹಳ ಪ್ರಿಯ. ಅವು ಹೇಳದ ಲೆಕ್ಕ ಹೀಗಿದೆ: ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. ಅಂದರೆ 2 ಗ್ರಾಂ ಬೇಕಾದರೆ ಅರವತ್ತು ಎಪ್ಪತ್ತು ಗ್ರಾಂ ಪುಡಿ ನುಂಗಬೇಕು! ಕಾಲು ಚಮಚ ಅರಿಸಿನ, ಎರಡು ಮೆಣಸಿನ ಕಾಳಿನ ಪುಡಿ, ಒಂದು ಲೋಟ ಹಾಲು. ಗಂಟಲಿಗೆ ಹಿತ, ರಾತ್ರಿಗೆ ಬೆಚ್ಚಗೆ. ಅದಕ್ಕಿಂತ ದೊಡ್ಡ ಪವಾಡ ನಿರೀಕ್ಷಿಸಬೇಡಿ.

ಎಷ್ಟು, ಯಾವಾಗ, ಯಾರಿಗೆ ಬೇಡ

ದಿನಕ್ಕೆ ಒಂದೆರಡು ಲೋಟ ಸಾಕು. ಸುಡುಸುಡು ಕುಡಿಯುವುದೇ ಕಷಾಯದ ಗತ್ತು ಅನ್ನುವವರಿಗೊಂದು ಮಾತು: 65 ಡಿಗ್ರಿ ಸೆಲ್ಸಿಯಸ್ ದಾಟಿದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲೇ ವರ್ಗೀಕರಿಸಿದೆ. ತುಟಿ ಸುಟ್ಟರೆ ಇನ್ನೂ ಆರಬೇಕು ಅಂತ ಅರ್ಥ. ಚಹಾ, ಗ್ರೀನ್ ಟೀಗಳಲ್ಲಿರುವ ಟ್ಯಾನಿನ್‌ನಂಥ ಒಗರು ಪದಾರ್ಥಗಳು ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿ.

ಒಣಕೆಮ್ಮಿಗೆ ಅಂತ ಜ್ಯೇಷ್ಠಮಧು ಹಾಕುವ ಮನೆಗಳಿವೆ. ನಾಲ್ಕು ದಿನಕ್ಕೆ ತೊಂದರೆಯಿಲ್ಲ, ವಾರಗಟ್ಟಲೆ ನಡೆದರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಬಿ.ಪಿ. ಇದ್ದವರು ಮುಟ್ಟದಿರುವುದೇ ಲೇಸು. ಅಂಗಡಿಯಲ್ಲಿ ಸಿಗುವ ದಪ್ಪ, ಒರಟು ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಎಂಬ ಬೇರೆ ಜಾತಿಯದ್ದು. ಅದರಲ್ಲಿ ಕೂಮರಿನ್ ಅಂಶ ಜಾಸ್ತಿ, ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ. ಪದರಪದರವಾಗಿ ಸುರುಳಿ ಸುತ್ತಿದ, ತೆಳ್ಳನೆಯ ಸಿಲೋನ್ ದಾಲ್ಚಿನ್ನಿ ತುಟ್ಟಿಯಾದರೂ ದಿನಬಳಕೆಗೆ ಅದೇ ವಾಸಿ.

ಅಮೃತಬಳ್ಳಿಯ ವಿಷಯಕ್ಕೆ 2021ರಲ್ಲಿ ಜಗಳವೇ ಆಯಿತು. ಅದನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈಯ ವೈದ್ಯರು ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಈಗಾಗಲೇ ಯಕೃತ್ತಿನ ತೊಂದರೆ ಇರುವವರು, ಮೈಯ ರೋಗನಿರೋಧಕ ವ್ಯವಸ್ಥೆಯೇ ಮೈಮೇಲೆ ತಿರುಗಿಬೀಳುವ ಕಾಯಿಲೆಯವರು ದಿನಾ ಕುಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರು, ರಕ್ತ ತೆಳುಮಾಡುವ ಮಾತ್ರೆ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ಕೇಳುವಾಗ ‘ಏನೋ ಕಷಾಯ’ ಅನ್ನದೆ ಅದಕ್ಕೆ ಹಾಕಿದ್ದನ್ನೆಲ್ಲ ಒಂದೊಂದಾಗಿ ಹೇಳಿ. ಜ್ವರ ಮೂರು ದಿನ ದಾಟಿದರೆ, ಕೆಮ್ಮು ಎರಡು ವಾರಕ್ಕೂ ಬಿಡದಿದ್ದರೆ ಕಷಾಯದ ಪಾತ್ರೆ ಬದಿಗಿಟ್ಟು ಆಸ್ಪತ್ರೆಗೆ ಹೋಗಿ.